ಯುವ ಸಂಘಕ್ಕೆ ಮಕ್ಕಳನ್ನು ಸೇರಿಸುವ ಮುನ್ನ, ಸೇರಿಸಿದ ಮೇಲೆ: ಪೋಷಕರಿಗೊಂದು ಮಾರ್ಗದರ್ಶಿ

ಹದಿಮೂರು ದಾಟಿದ ಮಗನೋ ಮಗಳೋ ಯುವ ಸಂಘಕ್ಕೆ ಸೇರುತ್ತೇನೆ ಎಂದಾಗ ಮನೆಯ ಹಿರಿಯರ ಬಾಯಲ್ಲಿ ಎರಡರಲ್ಲೊಂದು ಮಾತು ಸಿದ್ಧವಾಗಿಯೇ ಇರುತ್ತದೆ. ನಾಲ್ಕು ಜನರೊಡನೆ ಬೆರೆತರೆ ಬುದ್ಧಿ ಬೆಳೆಯುತ್ತದೆ ಎನ್ನುವವರು ಒಂದು ಕಡೆ, ಓದು ಹಾಳಾಗಿ ಸಹವಾಸ ಕೆಡುತ್ತದೆ ಎನ್ನುವವರು ಇನ್ನೊಂದು ಕಡೆ. ವಿಚಿತ್ರವೆಂದರೆ ಈ ಎರಡು ಮಾತಿಗೂ ಸಂಶೋಧನೆಯ ಬೆಂಬಲ ಸಿಗುತ್ತದೆ.

ಲಂಡನ್ನಿನಲ್ಲಿ 2010ರ ನಂತರದ ದಶಕದಲ್ಲಿ ಅನುದಾನ ಕಡಿತದ ಕಾರಣದಿಂದ ಶೇಕಡಾ 30ರಷ್ಟು ಯೂತ್ ಕ್ಲಬ್‌ಗಳು ಬಾಗಿಲು ಮುಚ್ಚಿದವು. ಅದರ ಪರಿಣಾಮವನ್ನು ಪರಿಶೀಲಿಸಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತಿರದ ಕ್ಲಬ್ಬನ್ನು ಕಳೆದುಕೊಂಡ ಪ್ರದೇಶಗಳಲ್ಲಿ 16ನೇ ವಯಸ್ಸಿನ ಪರೀಕ್ಷೆಗಳ ಫಲಿತಾಂಶ ಕುಸಿಯಿತು, 10ರಿಂದ 17 ವರ್ಷದವರು ಅಪರಾಧದಲ್ಲಿ ತೊಡಗುವ ಸಾಧ್ಯತೆ ಶೇಕಡಾ 14ರಷ್ಟು ಹೆಚ್ಚಿತು, ಮತ್ತು ಕಲಿಕೆಯ ಹೊಡೆತ ಬಡ ಕುಟುಂಬಗಳ ಮಕ್ಕಳಿಗೆ ಹೆಚ್ಚಾಗಿ ತಗುಲಿತು. ಸ್ವೀಡನ್ನಿನಲ್ಲಿ ಕಂಡದ್ದು ಬೇರೆಯೇ ಚಿತ್ರ. ಜೋಸೆಫ್ ಮಹೋನಿ ಮತ್ತು ಹೋಕನ್ ಸ್ಟಾಟಿನ್ ಎಂಬ ಸಂಶೋಧಕರು 14 ವರ್ಷದ ಹುಡುಗ ಹುಡುಗಿಯರನ್ನು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಿಯಮಿತ ವೇಳಾಪಟ್ಟಿ, ಗುರಿ ಮತ್ತು ಹಿರಿಯರ ಮೇಲ್ವಿಚಾರಣೆ ಇರುವ ಚಟುವಟಿಕೆಗಳಲ್ಲಿ ತೊಡಗಿದವರಲ್ಲಿ ಸಮಾಜವಿರೋಧಿ ನಡವಳಿಕೆ ಕಡಿಮೆಯಿತ್ತು. ಆದರೆ ಸುಮ್ಮನೆ ಹೋಗಿ ಕುಳಿತು, ಹರಟಿ, ಬೇಕಾದಾಗ ಎದ್ದು ಬರಬಹುದಾದ ಯುವ ಮನರಂಜನಾ ಕೇಂದ್ರಗಳಿಗೆ ಹೋಗುತ್ತಿದ್ದವರಲ್ಲಿ ಅದು ಹೆಚ್ಚಿತ್ತು. 1970ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರನ್ನು ವಯಸ್ಕರಾಗುವವರೆಗೆ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲೂ, 16ನೇ ವಯಸ್ಸಿನಲ್ಲಿ ಬರಿಯ ಯೂತ್ ಕ್ಲಬ್ಬಿಗೆ ಹೋಗುತ್ತಿದ್ದವರಿಗಿಂತ ಕ್ರೀಡಾ ಸಂಘ ಅಥವಾ ಸ್ಕೌಟ್‌ನಂತಹ ಸಮವಸ್ತ್ರದ ದಳಗಳಲ್ಲಿ ಇದ್ದವರ ಮುಂದಿನ ಬದುಕು ಹೆಚ್ಚು ನೆಲೆ ಕಂಡಿತ್ತು.

ಆದ್ದರಿಂದ ‘ಸಂಘಕ್ಕೆ ಕಳುಹಿಸಬೇಕೇ, ಬೇಡವೇ’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂರುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಆ ಕಟ್ಟಡದೊಳಗೆ ನಿಮ್ಮ ಮಗು ಏನು ಮಾಡುತ್ತದೆ, ಯಾರ ಕಣ್ಣಳತೆಯಲ್ಲಿ ಮಾಡುತ್ತದೆ, ಎಷ್ಟು ಕಾಲ ಮಾಡುತ್ತದೆ ಎಂಬ ಮೂರು ಸಂಗತಿಗಳ ಮೇಲೆಯೇ ಉಳಿದೆಲ್ಲವೂ ನಿಂತಿದೆ. ಮುಂದಿನ ಹೆಜ್ಜೆಗಳು ಈ ಮೂರನ್ನು ಕಂಡುಕೊಳ್ಳಲು ನೆರವಾಗುವಂತಹವು.

ಮೊದಲ ಹೆಜ್ಜೆ: ಏನು ಸಿಕ್ಕೀತು, ಏನು ಸಿಗಲಾರದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ

ಹದಿಹರೆಯದವರ ಬೆಳವಣಿಗೆಯಲ್ಲಿ ಮನೆಯೂ ಶಾಲೆಯೂ ಮಾಡಲಾಗದ ಒಂದು ಕೆಲಸವನ್ನು ಒಳ್ಳೆಯ ಸಂಘ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೀಡ್ ಲಾರ್ಸನ್, ಹದಿಹರೆಯದವರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದ ಕ್ಷಣದಲ್ಲಿ ತಾವು ಏನು ಮಾಡುತ್ತಿದ್ದೇವೆ, ಮನಸ್ಸು ಎಲ್ಲಿದೆ ಎಂಬುದನ್ನು ಬರೆದಿಡಲು ಹೇಳುವ ವಿಧಾನದಿಂದ ಕಲೆಹಾಕಿದ ಮಾಹಿತಿಯನ್ನು ಆಧರಿಸಿ 2000ದಲ್ಲಿ ಒಂದು ಮುಖ್ಯ ಅಂಶವನ್ನು ಮುಂದಿಟ್ಟರು. ತರಗತಿಯಲ್ಲಿ ಅವರ ಏಕಾಗ್ರತೆ ಹೆಚ್ಚಿರುತ್ತದೆ, ಆದರೆ ಒಳಗಿನಿಂದ ಬರುವ ಆಸಕ್ತಿ ಕಡಿಮೆ. ಗೆಳೆಯರೊಡನೆ ಇರುವಾಗ ಆಸಕ್ತಿ ತುಂಬಿರುತ್ತದೆ, ಏಕಾಗ್ರತೆ ಇರುವುದಿಲ್ಲ. ತಾವಾಗಿಯೇ ಆರಿಸಿಕೊಂಡ ಕ್ರೀಡೆ, ಕಲೆ, ಸಂಘದ ಕೆಲಸಗಳಲ್ಲಿ ಮಾತ್ರ ಇವೆರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಯಾರ ಒತ್ತಾಯವೂ ಇಲ್ಲದೆ ಒಂದು ಕೆಲಸವನ್ನು ಕೈಗೆತ್ತಿಕೊಂಡು, ಅಡ್ಡಿಗಳ ನಡುವೆಯೂ ಮುಗಿಸುವ ಗುಣ ಹುಟ್ಟುವುದು ಇಂತಹ ಜಾಗದಲ್ಲಿ ಎಂಬುದು ಲಾರ್ಸನ್ ಅವರ ವಾದ.

ಟಫ್ಟ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಲರ್ನರ್ ಮತ್ತು ಸಂಗಡಿಗರು 2002ರಲ್ಲಿ ಆರಂಭಿಸಿದ, ಫೋರ್-ಎಚ್ ಎಂಬ ಅಮೆರಿಕದ ಯುವ ಸಂಸ್ಥೆಯ ಸಂಘಗಳ ಸದಸ್ಯರನ್ನೂ ಸದಸ್ಯರಲ್ಲದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವು ಬೆಳವಣಿಗೆಯನ್ನು ಐದು ಗುಣಗಳಲ್ಲಿ ಅಳೆಯುತ್ತದೆ: ಸಾಮರ್ಥ್ಯ, ಆತ್ಮವಿಶ್ವಾಸ, ಬಾಂಧವ್ಯ, ಚಾರಿತ್ರ್ಯ ಮತ್ತು ಕಾಳಜಿ. ಈ ಐದೂ ಕೂಡಿ ಬಂದಾಗ ಆರನೆಯದಾಗಿ ಸಮಾಜಕ್ಕೆ ಕೊಡುಗೆ ನೀಡುವ ಮನಸ್ಸು ಮೂಡುತ್ತದೆ ಎಂಬುದು ಅವರ ನಿಲುವು. ಪಟ್ಟಿ ಉಪಯುಕ್ತವಾದದ್ದೇ, ಆದರೆ ಆ ಅಧ್ಯಯನಕ್ಕೆ ನೆರವು ನೀಡಿದವರಲ್ಲಿ ಫೋರ್-ಎಚ್ ಸಂಸ್ಥೆಯೂ ಸೇರಿದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಇಂತಹ ಎಲ್ಲ ಅಧ್ಯಯನಗಳಿಗೂ ಇನ್ನೊಂದು ಮಿತಿ ಇದೆ: ಮೊದಲೇ ಚುರುಕಾಗಿರುವ, ಮನೆಯವರ ಬೆಂಬಲ ಇರುವ ಮಕ್ಕಳೇ ಸಂಘಗಳಿಗೆ ಹೆಚ್ಚಾಗಿ ಸೇರುತ್ತಾರೆ. ಅವರು ಮುಂದೆ ಚೆನ್ನಾಗಿ ಬೆಳೆದರೆ ಅದರಲ್ಲಿ ಸಂಘದ ಪಾಲೆಷ್ಟು, ಅವರು ಮನೆಯಿಂದ ತಂದದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಲಂಡನ್ನಿನ ಅಧ್ಯಯನಕ್ಕೆ ಹೆಚ್ಚಿನ ತೂಕ ಬರುವುದು ಈ ಕಾರಣದಿಂದಲೇ, ಏಕೆಂದರೆ ಅಲ್ಲಿ ಕ್ಲಬ್ ಮುಚ್ಚಿದ್ದು ಮಕ್ಕಳ ಆಯ್ಕೆಯಿಂದಲ್ಲ.

ಸಂಘದಿಂದ ಸಿಗಲಾರದ್ದನ್ನೂ ಗುರುತಿಸಿಕೊಳ್ಳಿ. ಅದು ಪಾಠ ಹೇಳುವ ಟ್ಯೂಷನ್ ಅಲ್ಲ, ಮನೆಯಲ್ಲಿ ಕೈಮೀರಿದ ಮಗುವನ್ನು ತಿದ್ದಿಕೊಡುವ ಕೇಂದ್ರವೂ ಅಲ್ಲ. ತೀವ್ರ ಖಿನ್ನತೆಯಲ್ಲಿರುವ ಹುಡುಗನಿಗೆ ಬೇಕಾದದ್ದು ಮೊದಲು ವೈದ್ಯರ ನೆರವು. ಸೇರುವ ಮುನ್ನ ಒಂದು ಸಂಜೆ ಮಗುವಿನೊಡನೆ ಕುಳಿತು, ನೀವು ನಿರೀಕ್ಷಿಸುವುದೇನು, ಮಗು ಬಯಸುವುದೇನು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಆಗಿರಬೇಕಾಗಿಲ್ಲ, ಆಗಿರುವುದೂ ಅಪರೂಪ. ಆರು ತಿಂಗಳ ನಂತರ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಹೆಜ್ಜೆ: ಸಾಮಾನ್ಯ ದಿನವೊಂದರಲ್ಲಿ ಹೋಗಿ ನೋಡಿ

ವಾರ್ಷಿಕೋತ್ಸವದ ದಿನ, ಬಹುಮಾನ ವಿತರಣೆಯ ದಿನ ಹೋಗಿ ನೋಡಿದರೆ ಯಾವ ಸಂಘವೂ ಚೆನ್ನಾಗಿಯೇ ಕಾಣುತ್ತದೆ. ವಾರದ ನಡುವಿನ ಒಂದು ಸಾಧಾರಣ ಸಂಜೆ, ಮೊದಲೇ ಹೇಳಿ ಅನುಮತಿ ಪಡೆದು ಹೋಗಿ, ಒಂದು ಮೂಲೆಯಲ್ಲಿ ಪೂರ್ತಿ ಅವಧಿ ಕುಳಿತಿರಿ. ಅರ್ಧ ಗಂಟೆಯಲ್ಲಿ ಎದ್ದು ಬರಬೇಡಿ. ಎಲ್ಲರೂ ಒಪ್ಪವಾಗಿ ನಡೆದುಕೊಳ್ಳುವುದು ಮೊದಲ ಅರ್ಧ ಗಂಟೆಯಲ್ಲಿಯೇ.

ಮೊದಲು ಗಮನಿಸಬೇಕಾದದ್ದು ಹೊತ್ತು ಹೇಗೆ ಕಳೆಯುತ್ತದೆ ಎಂಬುದನ್ನು. ಹದಿನೈದು ಮಂದಿ ಬಂದು, ಅವರಲ್ಲಿ ನಾಲ್ವರು ಕೇರಂ ಆಡುತ್ತ ಉಳಿದವರು ಮೊಬೈಲ್ ನೋಡುತ್ತ ಕುಳಿತು, ಹಿರಿಯರೊಬ್ಬರು ಬಾಗಿಲ ಬಳಿ ಬೀಗದ ಕೈ ಹಿಡಿದು ಹೊತ್ತು ಕಾಯುತ್ತಿದ್ದರೆ ಅದು ಸ್ವೀಡನ್ನಿನ ಅಧ್ಯಯನ ಎಚ್ಚರಿಸಿದ ಬಗೆಯ ಜಾಗ. ಕೇರಂ ಬೋರ್ಡಿನಲ್ಲಿ ತಪ್ಪಿಲ್ಲ. ಆದರೆ ಆ ಸಂಜೆ ಮುಗಿಯುವ ಹೊತ್ತಿಗೆ ಆರಂಭದಲ್ಲಿ ಇಲ್ಲದ ಏನಾದರೊಂದು, ಕಲಿತ ಒಂದು ಪಟ್ಟು, ತೆಗೆದುಕೊಂಡ ಒಂದು ತೀರ್ಮಾನ, ಅರ್ಧ ಬರೆದ ನಾಟಕದ ಒಂದು ದೃಶ್ಯ, ಅಲ್ಲಿ ಉಳಿದಿರಬೇಕು. ಶಾಲೆಯ ನಂತರದ ಕಾರ್ಯಕ್ರಮಗಳ ಅನೇಕ ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ ಜೋಸೆಫ್ ಡರ್ಲಾಕ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ಕೌಶಲಗಳನ್ನು ಹಂತಹಂತವಾಗಿ ಕಲಿಸುವ, ಮಕ್ಕಳೇ ಮಾಡಿ ಕಲಿಯುವ, ಅದಕ್ಕೆಂದೇ ಸಮಯ ಮೀಸಲಿಡುವ ಮತ್ತು ಏನು ಕಲಿಸುತ್ತಿದ್ದೇವೆ ಎಂಬುದರ ಬಗ್ಗೆ ಸ್ಪಷ್ಟತೆ ಇರುವ ಕಾರ್ಯಕ್ರಮಗಳಲ್ಲಿ ಮಕ್ಕಳ ಆತ್ಮಗೌರವ, ನಡವಳಿಕೆ, ಕಲಿಕೆ ಸುಧಾರಿಸಿದವು, ಈ ನಾಲ್ಕು ಅಂಶಗಳಿಲ್ಲದ ಕಾರ್ಯಕ್ರಮಗಳಲ್ಲಿ ಅಂತಹ ಲಾಭ ಕಾಣಲಿಲ್ಲ.

ಎರಡನೆಯದಾಗಿ, ಮಾತನಾಡುತ್ತಿರುವವರು ಯಾರು ಎಂದು ಕಿವಿಗೊಡಿ. ಹಿರಿಯರೊಬ್ಬರೇ ನಲವತ್ತು ನಿಮಿಷ ಭಾಷಣ ಮಾಡಿ, ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋದರೆ ಅದು ಇನ್ನೊಂದು ತರಗತಿಯಾಯಿತು. ಇನ್ನೊಂದು ಅತಿರೇಕವೂ ಉಂಟು: ಗಟ್ಟಿ ಗಂಟಲಿನ ಇಬ್ಬರು ಮೂವರು ಹುಡುಗರೇ ಎಲ್ಲವನ್ನೂ ತೀರ್ಮಾನಿಸಿ, ಉಳಿದವರು ತಲೆಯಾಡಿಸುವುದು.

ಮೂರನೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವಂತಹದು: ಅಲ್ಲಿರುವವರಲ್ಲಿ ಅತಿ ಕಿರಿಯ ಅಥವಾ ಅತಿ ಹೊಸ ಸದಸ್ಯನ ಮೇಲೆ ಕಣ್ಣಿಡಿ. ಅವನ ಹೆಸರು ಹಿಡಿದು ಯಾರಾದರೂ ಕರೆದರೇ? ಕೈಯಲ್ಲಿ ಮಾಡಲು ಕೆಲಸವಿತ್ತೇ? ತಪ್ಪು ಮಾಡಿದಾಗ ನಕ್ಕರೇ, ನಕ್ಕರೆ ಅದು ಎಂತಹ ನಗು? ನಾಯಕರನ್ನು ನೋಡಿ ಸಂಘವನ್ನು ಅಳೆಯುವುದು ಸುಲಭ, ಮತ್ತು ಅದರಿಂದಲೇ ಬಹುತೇಕ ಪೋಷಕರು ಮೋಸಹೋಗುವುದು. ನಿಮ್ಮ ಮಗು ಅಲ್ಲಿಗೆ ಮೊದಲು ಹೋಗುವುದು ನಾಯಕನಾಗಿ ಅಲ್ಲ, ಹೊಸಬನಾಗಿ.

ಜಗಳ ನಡೆದರೆ ಅದೃಷ್ಟವೆಂದುಕೊಳ್ಳಿ. ಚೆಂಡು ಯಾರದು, ಸರದಿ ಯಾರದು ಎಂಬ ಸಣ್ಣ ಜಗಳವನ್ನು ಹಿರಿಯರು ಗದರಿ ಮುಗಿಸುತ್ತಾರೋ, ಕಂಡೂ ಕಾಣದಂತೆ ಇರುತ್ತಾರೋ, ಇಬ್ಬರನ್ನೂ ಕೂರಿಸಿ ಮಾತಾಡಿಸಿ ಅವರಿಂದಲೇ ಪರಿಹಾರ ಹೊರಡಿಸುತ್ತಾರೋ ಎಂಬುದನ್ನು ನೋಡಿದರೆ, ಆ ಸಂಘದ ಕೈಪಿಡಿಯಲ್ಲಿ ಬರೆದಿರುವುದೆಲ್ಲ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2002ರಲ್ಲಿ ಹೊರತಂದ ವರದಿಯೊಂದು ಹದಿಹರೆಯದವರ ಬೆಳವಣಿಗೆಗೆ ನೆರವಾಗುವ ಪರಿಸರದ ಎಂಟು ಲಕ್ಷಣಗಳನ್ನು ಗುರುತಿಸಿದೆ. ದೈಹಿಕ ಮತ್ತು ಮಾನಸಿಕ ಸುರಕ್ಷತೆ, ವಯಸ್ಸಿಗೆ ತಕ್ಕ ಶಿಸ್ತು, ಆಸರೆ ನೀಡುವ ಸಂಬಂಧಗಳು, ತಾನು ಇಲ್ಲಿಯವನು ಎಂಬ ಭಾವ, ಒಳ್ಳೆಯ ಸಾಮಾಜಿಕ ರೂಢಿಗಳು, ತನ್ನಿಂದ ಏನೋ ಆಯಿತು ಎನ್ನುವಂತಹ ಅವಕಾಶಗಳು, ಕೌಶಲ ಬೆಳೆಸುವ ಅವಕಾಶಗಳು, ಹಾಗೂ ಕುಟುಂಬ, ಶಾಲೆ, ಸಮುದಾಯಗಳೊಡನೆ ಹೊಂದಾಣಿಕೆ. ಎಂಟನ್ನೂ ಒಂದೇ ಸಂಜೆಯಲ್ಲಿ ಅಳೆಯಲಾಗದು. ಮೇಲೆ ಹೇಳಿದ ಮೂರು ಅಂಶಗಳನ್ನು ಗಮನಿಸಿದರೆ ಹೆಚ್ಚಿನವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಮೂರನೆಯ ಹೆಜ್ಜೆ: ಸುರಕ್ಷತೆಯ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ

ಈ ಪ್ರಶ್ನೆಗಳನ್ನು ಕೇಳಿದರೆ ಅವಮಾನವಾದಂತೆ ವರ್ತಿಸುವ ಸಂಘದಿಂದ ದೂರವಿರುವುದೇ ಸರಿ. ಹಿರಿಯರೊಬ್ಬರು ಮಗುವೊಂದರೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು ಎಂಬ ನಿಯಮವಿದೆಯೇ? ಶಿಬಿರ, ಪ್ರವಾಸಗಳಿಗೆ ಇಬ್ಬರಿಗಿಂತ ಕಡಿಮೆ ಹಿರಿಯರು ಹೋಗುವುದುಂಟೇ? ಮೇಲ್ವಿಚಾರಕರನ್ನು ನೇಮಿಸಿಕೊಳ್ಳುವಾಗ ಅವರ ಹಿನ್ನೆಲೆ ಪರಿಶೀಲಿಸುವವರು ಯಾರು? ದೂರು ಇದ್ದರೆ ಮಗು ಯಾರ ಬಳಿ ಹೇಳಬೇಕು, ಆ ವ್ಯಕ್ತಿಯ ವಿರುದ್ಧವೇ ದೂರಿದ್ದರೆ ಯಾರ ಬಳಿ? ಹಿರಿಯರು ಸದಸ್ಯರಿಗೆ ಖಾಸಗಿ ಸಂದೇಶ ಕಳುಹಿಸಬಹುದೇ, ಇಲ್ಲವೇ ಎಲ್ಲ ಸಂವಹನವೂ ಪೋಷಕರಿರುವ ಗುಂಪಿನಲ್ಲಿಯೇ ನಡೆಯಬೇಕೇ? ಉತ್ತರ ಬಾಯಿಮಾತಿನಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು. ಸಂಘಕ್ಕೆ ಹಣ ಎಲ್ಲಿಂದ ಬರುತ್ತದೆ, ಸದಸ್ಯರನ್ನು ಯಾವುದಾದರೂ ಪಕ್ಷದ ಮೆರವಣಿಗೆಗೆ ಅಥವಾ ಪ್ರಚಾರಕ್ಕೆ ಕರೆದೊಯ್ಯುವುದುಂಟೇ ಎಂಬುದನ್ನೂ ಇದೇ ಸಂದರ್ಭದಲ್ಲಿ ಕೇಳಿ ತಿಳಿಯಿರಿ.

ಹೆಣ್ಣುಮಕ್ಕಳ ಪೋಷಕರು ಸಾಮಾನ್ಯವಾಗಿ ಸಮಯ ಮತ್ತು ದಾರಿಯ ಬಗ್ಗೆ ಮಾತ್ರ ಕೇಳಿ ಸುಮ್ಮನಾಗುತ್ತಾರೆ. ಪದಾಧಿಕಾರಿಗಳಲ್ಲಿ ಹುಡುಗಿಯರು ಎಷ್ಟು ಮಂದಿ, ಅವರಲ್ಲಿ ಖಜಾಂಚಿಯೋ ಅಧ್ಯಕ್ಷೆಯೋ ಆದವರಿದ್ದಾರೆಯೇ, ಇಲ್ಲ ಸ್ವಾಗತ ಕೋರಲು, ಪ್ರಾರ್ಥನೆ ಹಾಡಲು ಮಾತ್ರ ಅವರನ್ನು ಕರೆಯುತ್ತಾರೆಯೇ ಎಂದು ಕೇಳಲು ಮರೆಯಬೇಡಿ.

ನಾಲ್ಕನೆಯ ಹೆಜ್ಜೆ: ಒಂದು ವರ್ಷದ ಮಾತು ಕೊಡಿ, ಮೂರು ತಿಂಗಳನ್ನು ಜೋಪಾನವಾಗಿ ದಾಟಿಸಿ

ಸೇರಿದ ಹೊಸದರಲ್ಲಿ ಉತ್ಸಾಹವಿರುತ್ತದೆ. ಕೆಲವೇ ವಾರಗಳಲ್ಲಿ ಅದು ಇಳಿಯುವುದು ಸಹಜ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕರು ಹದಿಹರೆಯದವರಿಗೆ ಹಿರಿಯ ಮಾರ್ಗದರ್ಶಕರನ್ನು ಜೋಡಿಸುವ ಕಾರ್ಯಕ್ರಮವೊಂದನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನಪಿಡತಕ್ಕದ್ದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ಸಂಬಂಧಗಳಿಂದ ಹೆಚ್ಚಿನ ಒಳಿತಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದವುಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಗ್ಗಿತು. ಸಂಘದ ಸದಸ್ಯತ್ವ ಬೇರೆ, ಒಬ್ಬರಿಗೊಬ್ಬರ ಮಾರ್ಗದರ್ಶನ ಬೇರೆ ಎಂಬುದು ನಿಜ. ಆದರೂ ಸಂಘದಲ್ಲಿ ಮಗುವನ್ನು ಹಿಡಿದಿಡುವುದು ಬಹುಮಟ್ಟಿಗೆ ಅಲ್ಲಿನ ಒಬ್ಬಿಬ್ಬರು ಹಿರಿಯರ ನಂಟೇ ಆಗಿರುವುದರಿಂದ, ಅರ್ಧಕ್ಕೆ ಬಿಡಿಸಿ ಇನ್ನೊಂದಕ್ಕೆ ಸೇರಿಸುವ, ಅದನ್ನೂ ಬಿಡಿಸಿ ಮತ್ತೊಂದಕ್ಕೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಮೂರು ಸಂಘಗಳಿಗೆ ತಿಂಗಳಿಗೊಮ್ಮೆ ಹೋಗುವುದಕ್ಕಿಂತ ಒಂದಕ್ಕೆ ವಾರಕ್ಕೊಮ್ಮೆ ತಪ್ಪದೆ ಹೋಗುವುದು ಮೇಲು.

ಅಲ್ಲಿನ ಮೇಲ್ವಿಚಾರಕರು ಎಷ್ಟು ವರ್ಷಗಳಿಂದ ಇದ್ದಾರೆ ಎಂದು ವಿಚಾರಿಸಿ. ಆರು ತಿಂಗಳಿಗೊಮ್ಮೆ ಹೊಸ ಮುಖ ಬರುವ ಕಡೆ ಸಲಕರಣೆ ಎಷ್ಟೇ ಚೆನ್ನಾಗಿದ್ದರೂ ಮಗುವಿಗೆ ನಂಟು ಬೆಳೆಯುವುದಿಲ್ಲ. ಪರೀಕ್ಷೆ ಬಂದಾಗ ಪೂರ್ತಿ ಬಿಡಿಸುವ ಬದಲು ಹೊತ್ತು ಕಡಿಮೆ ಮಾಡಿ, ಮುಗಿದ ಮೇಲೆ ಯಾವ ದಿನ ಮರಳುತ್ತಾನೆ ಎಂಬುದನ್ನು ಸಂಘಕ್ಕೆ ಮೊದಲೇ ತಿಳಿಸಿ.

ಐದನೆಯ ಹೆಜ್ಜೆ: ಜವಾಬ್ದಾರಿ ಸಿಗುವಂತೆ ನೋಡಿಕೊಳ್ಳಿ

ಮಗು ಸದಸ್ಯನಾಗಿ ಎಷ್ಟು ದಿನ ಹಾಜರಿತ್ತು ಎಂಬುದಕ್ಕಿಂತ ಅದರ ಕೈಯಲ್ಲಿ ಯಾವ ಕೆಲಸವಿತ್ತು ಎಂಬುದು ಬೆಳವಣಿಗೆಯನ್ನು ನಿರ್ಧರಿಸುತ್ತದೆ. ಈ ತಿಳಿವಳಿಕೆ ಹೊಸದೇನೂ ಅಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ರಾಬರ್ಟ್ ಬೇಡನ್-ಪವೆಲ್ ನಡೆಸಿದ ಮೊದಲ ಪ್ರಾಯೋಗಿಕ ಸ್ಕೌಟ್ ಶಿಬಿರದಲ್ಲಿ ಹುಡುಗರನ್ನು ನಾಲ್ಕು ಸಣ್ಣ ಪಡೆಗಳಾಗಿ ವಿಂಗಡಿಸಿ, ಪ್ರತಿಯೊಂದರ ಹೊಣೆಯನ್ನು ಒಬ್ಬ ಹುಡುಗನಿಗೇ ವಹಿಸಲಾಗಿತ್ತು. ಸ್ಕೌಟ್ ಚಳವಳಿ ಇಂದಿಗೂ ನಿಂತಿರುವುದು ಆ ಪಡೆ ಪದ್ಧತಿಯ ಮೇಲೆ.

ಹೊಣೆ ನಿಜವಾದದ್ದೋ ತೋರಿಕೆಯದೋ ಎಂದು ತಿಳಿಯಲು ರೋಜರ್ ಹಾರ್ಟ್ ಅವರು ಯುನಿಸೆಫ್‌ಗಾಗಿ 1992ರಲ್ಲಿ ವಿವರಿಸಿದ ‘ಭಾಗವಹಿಸುವಿಕೆಯ ಏಣಿ’ ನೆರವಾಗುತ್ತದೆ. ಎಂಟು ಮೆಟ್ಟಿಲುಗಳ ಈ ಏಣಿಯಲ್ಲಿ ಕೆಳಗಿನ ಮೂರನ್ನು ಅವರು ಭಾಗವಹಿಸುವಿಕೆ ಎಂದೇ ಕರೆಯುವುದಿಲ್ಲ: ಮಕ್ಕಳಿಗೆ ಅರ್ಥವಾಗದ ಉದ್ದೇಶಕ್ಕೆ ಅವರನ್ನು ಬಳಸಿಕೊಳ್ಳುವುದು, ಅಲಂಕಾರಕ್ಕಾಗಿ ವೇದಿಕೆಯ ಮೇಲೆ ನಿಲ್ಲಿಸುವುದು, ಅಭಿಪ್ರಾಯ ಕೇಳಿದಂತೆ ಮಾಡಿ ಕೈಬಿಡುವುದು. ಮೇಲಿನ ಮೆಟ್ಟಿಲುಗಳಲ್ಲಿ ಮಕ್ಕಳು ತಾವೇ ಕೆಲಸ ಆರಂಭಿಸುತ್ತಾರೆ, ಹಿರಿಯರೊಡನೆ ತೀರ್ಮಾನಗಳನ್ನು ಹಂಚಿಕೊಳ್ಳುತ್ತಾರೆ. ಅತಿಥಿಗಳ ಮುಂದೆ ಸಾಲಾಗಿ ನಿಂತ ಮಕ್ಕಳ ಫೋಟೊಗಳೇ ತುಂಬಿರುವ ಸಂಘ ಏಣಿಯ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ನೀವೇ ಊಹಿಸಬಹುದು. ಹೇಳುವುದಾದರೆ ಇದು ಹಕ್ಕಿನ ವಿಷಯವೂ ಹೌದು: ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ, 15ನೇ ವಿಧಿ ಸಂಘಟಿತರಾಗುವ ಹಕ್ಕನ್ನೂ ಮಕ್ಕಳಿಗೆ ನೀಡುತ್ತದೆ.

ನಿಜವಾದ ಹೊಣೆ ಹೇಗಿರುತ್ತದೆ ಎಂಬುದಕ್ಕೆ ಖಜಾಂಚಿಯ ಕೆಲಸವನ್ನು ಹತ್ತಿರದಿಂದ ನೋಡಬಹುದು. ಹದಿನೈದು ವರ್ಷದ ಹುಡುಗಿಯ ಕೈಯಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್ ಇದೆ. ಎಡಪುಟದಲ್ಲಿ ಜಮೆ, ಬಲಪುಟದಲ್ಲಿ ಖರ್ಚು, ರಸೀದಿಗಳೆಲ್ಲ ಹಿಂದಿನ ರಟ್ಟಿಗೆ ಸಿಕ್ಕಿಸಿದ ಲಕೋಟೆಯಲ್ಲಿ. ತಿಂಗಳ ಸಭೆಯಲ್ಲಿ ಅವಳು ಲೆಕ್ಕ ಓದುತ್ತಾಳೆ. ಜಮೆಯಲ್ಲಿ ಖರ್ಚು ಕಳೆದು ಉಳಿಯಬೇಕಾದ ಮೊತ್ತಕ್ಕೂ ಪೆಟ್ಟಿಗೆಯಲ್ಲಿರುವ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಹಿಂದಿನ ಬೆಂಚಿನಿಂದ ಯಾರೋ ನಗುತ್ತಾರೆ, ಅವಳ ಕಿವಿ ಕೆಂಪಾಗುತ್ತದೆ. ಮೇಲ್ವಿಚಾರಕರು ಪುಸ್ತಕ ಕಿತ್ತುಕೊಂಡು ತಾವೇ ಕೂಡಿಸಿಬಿಟ್ಟರೆ ಲೆಕ್ಕ ಎರಡು ನಿಮಿಷದಲ್ಲಿ ಸರಿಹೋಗುತ್ತದೆ, ಅವಳು ಮುಂದಿನ ತಿಂಗಳು ರಾಜೀನಾಮೆ ಕೊಡುತ್ತಾಳೆ. ಅದರ ಬದಲು ‘ರಸೀದಿಗಳನ್ನು ಒಂದೊಂದಾಗಿ ಓದಮ್ಮ, ನಾವು ಗುರುತು ಹಾಕುತ್ತೇವೆ’ ಎಂದರೆ, ಎರಡು ಸಲ ಬರೆದ ಒಂದು ಖರ್ಚು ಎಲ್ಲರ ಎದುರಿಗೇ ಸಿಕ್ಕಿಬೀಳುತ್ತದೆ, ಅವಳೇ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುತ್ತಾಳೆ. ತಪ್ಪನ್ನು ಬಹಿರಂಗವಾಗಿ ಒಪ್ಪಿ ಸರಿಪಡಿಸುವುದು, ನಗುವವರ ಎದುರು ಎದ್ದು ನಿಲ್ಲುವುದು, ಸಾರ್ವಜನಿಕ ಹಣ ತನ್ನದಲ್ಲ ಎಂಬ ಅರಿವು, ಇವೆಲ್ಲ ಆ ಅರ್ಧ ಗಂಟೆಯಲ್ಲಿ ನಡೆದುಹೋಗಿರುತ್ತವೆ. ಭಾಷಣದಿಂದ ಇವುಗಳಲ್ಲಿ ಒಂದನ್ನೂ ಕಲಿಸಲಾಗದು.

ಪೋಷಕರಾಗಿ ನಿಮ್ಮ ಕೆಲಸ ಇಲ್ಲಿ ಎರಡೇ. ಸೇರಿ ಮೂರ್ನಾಲ್ಕು ತಿಂಗಳಾದ ಮೇಲೆ, ತಾನೇ ಹೋಗಿ ಒಂದು ಸಣ್ಣ ಕೆಲಸ ಕೇಳುವಂತೆ ಮಗುವಿಗೆ ಹೇಳಿ: ಸಲಕರಣೆಗಳ ಕಪಾಟಿನ ಬೀಗದ ಕೈ ಇಟ್ಟುಕೊಳ್ಳುವುದು, ಹಾಜರಿ ಬರೆಯುವುದು, ಹೊಸದಾಗಿ ಬಂದವರನ್ನು ಪರಿಚಯಿಸುವುದು. ನೀವು ಹೋಗಿ ಶಿಫಾರಸು ಮಾಡಬೇಡಿ. ಎರಡನೆಯದಾಗಿ, ಆ ಕೆಲಸವನ್ನು ನೀವು ಮಾಡಿಕೊಡಬೇಡಿ. ಭಿತ್ತಿಪತ್ರದ ಅಕ್ಷರ ಸೊಟ್ಟಗಿದ್ದರೆ ಇರಲಿ. ಮಗ ಒಪ್ಪಿಕೊಂಡ ಕೆಲಸವನ್ನು ಮರೆತು, ಅದರ ಫಲವಾಗಿ ಶಿಬಿರಕ್ಕೆ ಹಗ್ಗವೇ ಬಾರದೆ ಹೋದರೆ, ರಾತ್ರೋರಾತ್ರಿ ಓಡಿಹೋಗಿ ಹಗ್ಗ ತಂದುಕೊಡುವ ತಂದೆ ಆ ಹುಡುಗನಿಂದ ಒಂದು ಪಾಠವನ್ನು ಕಸಿದುಕೊಂಡಂತಾಗುತ್ತದೆ.

ಆರನೆಯ ಹೆಜ್ಜೆ: ಬದಲಾವಣೆಯನ್ನು ಬರೆದಿಟ್ಟುಕೊಂಡು ನೋಡಿ

ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದರೆ ಸಾಕು. ನೆನಪು ನಂಬಿಕೆಗೆ ತಕ್ಕದ್ದಲ್ಲ. ಒಂದು ವಾರದ ಸಿಡುಕು ಆರು ತಿಂಗಳ ಸುಧಾರಣೆಯನ್ನು ಮರೆಸಿಬಿಡುತ್ತದೆ. ಗಮನಿಸಬೇಕಾದದ್ದು ದೊಡ್ಡ ಸಂಗತಿಗಳಲ್ಲ. ಅಪರಿಚಿತ ಹಿರಿಯರೊಡನೆ ಮಾತನಾಡುವಾಗ ಕಣ್ಣೆತ್ತಿ ನೋಡುತ್ತಾಳೆಯೇ, ಸೋತ ದಿನ ಮನೆಗೆ ಬಂದು ಯಾರನ್ನು ದೂರುತ್ತಾನೆ, ಹೇಳಿದ ಹೊತ್ತಿಗೆ ಹೊರಡಲು ಯಾರಾದರೂ ನೆನಪಿಸಬೇಕೇ, ಸಂಘದ ಮಾತು ಬಂದಾಗ ‘ಅವರು’ ಎನ್ನುತ್ತಾಳೋ ‘ನಾವು’ ಎನ್ನುತ್ತಾಳೋ, ತನಗಿಂತ ಕಿರಿಯರ ಬಗ್ಗೆ ಹೇಗೆ ಮಾತನಾಡುತ್ತಾನೆ ಎಂಬಂತಹ ಸಣ್ಣಪುಟ್ಟ ಸಂಗತಿಗಳು. ತಾನು ಯಾರು, ಏನಾಗಬೇಕು ಎಂಬುದನ್ನು ಕಂಡುಕೊಳ್ಳುವುದೇ ಈ ವಯಸ್ಸಿನ ಮುಖ್ಯ ಹೋರಾಟ ಎಂದು ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಹೇಳಿದ್ದರು. ಸಂಘದಲ್ಲಿ ಮಗು ಒಂದು ವರ್ಷ ನಟನಾಗಿ, ಮುಂದಿನ ವರ್ಷ ಲೆಕ್ಕಿಗನಾಗಿ, ಆಮೇಲೆ ಎರಡನ್ನೂ ಬಿಟ್ಟು ಗಿಡ ನೆಡುವವನಾಗಿ ಕಂಡರೆ ಅದನ್ನು ಚಂಚಲತೆ ಎಂದು ಬೈಯುವ ಅಗತ್ಯವಿಲ್ಲ.

ಅಂಕಗಳನ್ನು ಪ್ರತ್ಯೇಕವಾಗಿ ಬರೆಯಿರಿ. ಒಂದು ಪರೀಕ್ಷೆಯಲ್ಲಿ ಕಡಿಮೆ ಬಂದ ಮಾತ್ರಕ್ಕೆ ಸಂಘವನ್ನು ಹೊಣೆಯಾಗಿಸುವ ಮುನ್ನ ನಿದ್ರೆ, ಮೊಬೈಲ್ ಮತ್ತು ಸಂಘದ ಹೊತ್ತು, ಈ ಮೂರರಲ್ಲಿ ಓದಿನ ಸಮಯವನ್ನು ತಿಂದದ್ದು ಯಾವುದು ಎಂದು ಲೆಕ್ಕ ಹಾಕಿ ನೋಡಿ. ಮೂರನೆಯದಕ್ಕಿಂತ ಎರಡನೆಯದೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಆರನೆಯ ತಿಂಗಳಲ್ಲಿ ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆಯನ್ನು ತೆಗೆದು ಇಬ್ಬರೂ ಒಟ್ಟಿಗೆ ಓದಿ. ನಿಮ್ಮ ವಾಕ್ಯ ಈಡೇರದೆ ಮಗುವಿನ ವಾಕ್ಯ ಈಡೇರಿದ್ದರೆ, ಮುಂದುವರಿಸಲು ಅಷ್ಟು ಕಾರಣ ಸಾಕು.

ಏಳನೆಯ ಹೆಜ್ಜೆ: ಕೆಡುಕಿನ ಲಕ್ಷಣಗಳನ್ನು ಬೇಗ ಗುರುತಿಸಿ

ಒಳ್ಳೆಯ ಉದ್ದೇಶದಿಂದಲೂ ಕೆಡುಕಾಗಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಆರಂಭವಾದ ಕೇಂಬ್ರಿಜ್-ಸೋಮರ್‌ವಿಲ್ ಯುವ ಅಧ್ಯಯನದಲ್ಲಿ ಹುಡುಗರಿಗೆ ವರ್ಷಗಟ್ಟಲೆ ಮಾರ್ಗದರ್ಶನ, ನೆರವು ನೀಡಲಾಯಿತು, ಬೇಸಿಗೆ ಶಿಬಿರಗಳಿಗೂ ಕಳುಹಿಸಲಾಯಿತು. ಮೂವತ್ತು ವರ್ಷಗಳ ನಂತರ ಅವರನ್ನು ಹುಡುಕಿ ಜೋನ್ ಮೆಕಾರ್ಡ್ 1978ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹಲವು ವಿಷಯಗಳಲ್ಲಿ ನೆರವು ಪಡೆದವರ ಸ್ಥಿತಿಯೇ ಪಡೆಯದವರಿಗಿಂತ ಕೆಟ್ಟದಾಗಿತ್ತು. ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋದವರಲ್ಲಿ ಹಾನಿ ಹೆಚ್ಚು ಎಂಬುದು ಮುಂದಿನ ವಿಶ್ಲೇಷಣೆಯಲ್ಲಿ ಕಂಡಿತು. 1999ರಲ್ಲಿ ಥಾಮಸ್ ಡಿಷನ್, ಮೆಕಾರ್ಡ್ ಮತ್ತು ಫ್ರಾಂಸ್ವಾ ಪುಲಾಂ ಇದಕ್ಕೆ ಒಂದು ವಿವರಣೆ ನೀಡಿದರು: ದಾರಿ ತಪ್ಪುತ್ತಿರುವ ಹುಡುಗರನ್ನೇ ಒಂದೆಡೆ ಸೇರಿಸಿದಾಗ, ತಮ್ಮ ಕಿಡಿಗೇಡಿತನದ ಕತೆಗಳಿಗೆ ಒಬ್ಬರಿಂದೊಬ್ಬರಿಗೆ ಸಿಗುವ ನಗು ಮತ್ತು ಮೆಚ್ಚುಗೆಯೇ ಅವರಿಗೆ ತರಬೇತಿಯಾಗಿಬಿಡುತ್ತದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅವರ 2005ರ ಪ್ರಯೋಗದಲ್ಲಿ, ವಾಹನ ಓಡಿಸುವ ವಿಡಿಯೊ ಆಟದಲ್ಲಿ ಹದಿಹರೆಯದವರು ಗೆಳೆಯರು ಪಕ್ಕದಲ್ಲಿದ್ದಾಗ ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ.

ಆದಕಾರಣ ವಿವಿಧ ಸ್ವಭಾವದ, ವಿವಿಧ ಹಿನ್ನೆಲೆಯ ಮಕ್ಕಳು ಬೆರೆತಿರುವ ಸಂಘವನ್ನೇ ಆರಿಸಿಕೊಳ್ಳಿ. ‘ತೊಂದರೆ ಕೊಡುವ ಮಕ್ಕಳಿಗೆಂದೇ’ ಇರುವ ಗುಂಪುಗಳ ಬಗ್ಗೆ ಎಚ್ಚರವಿರಲಿ. ಸಂಘದ ಸಮಯ ಮುಗಿದ ಮೇಲೆ ಗಂಟೆಗಟ್ಟಲೆ ಮನೆಗೆ ಬಾರದಿರುವುದು, ‘ಮನೆಯಲ್ಲಿ ಹೇಳಬೇಡ’ ಎಂಬ ಮಾತು, ಒಬ್ಬ ಹಿರಿಯರ ಬಗ್ಗೆ ಮಾತ್ರ ಅತಿಯಾದ ಮೌನ ಅಥವಾ ಅತಿಯಾದ ಭಕ್ತಿ, ಹಳೆಯ ಗೆಳೆಯರನ್ನೆಲ್ಲ ಬಿಟ್ಟುಬಿಡುವುದು, ಬೇರೆ ಗುಂಪಿನವರ ಬಗ್ಗೆ ಇದ್ದಕ್ಕಿದ್ದಂತೆ ದ್ವೇಷದ ಮಾತು, ಇವು ಕೂಡಲೇ ವಿಚಾರಿಸಬೇಕಾದ ಲಕ್ಷಣಗಳು. ಬೇಸರ, ಆಲಸ್ಯ, ಒಬ್ಬಿಬ್ಬರೊಡನೆ ಮನಸ್ತಾಪ ಆ ಸಾಲಿಗೆ ಸೇರುವುದಿಲ್ಲ. ಅವುಗಳನ್ನು ಮಗುವೇ ನಿಭಾಯಿಸಲಿ. ದೌರ್ಜನ್ಯದ ಸಂದೇಹವಿದ್ದರೆ ಸಂಘದೊಳಗೇ ಮುಗಿಸೋಣ ಎಂಬ ಸಮಾಧಾನಕ್ಕೆ ಕಿವಿಗೊಡದೆ ನೇರವಾಗಿ ಮಕ್ಕಳ ರಕ್ಷಣೆಯ ಅಧಿಕಾರಿಗಳನ್ನು ಅಥವಾ ಪೊಲೀಸರನ್ನು ಕಾಣಬೇಕು.

ಎಂಟನೆಯ ಹೆಜ್ಜೆ: ಬಿಡುವುದಕ್ಕೂ ಒಂದು ಕ್ರಮವಿರಲಿ

ಹದಿನೆಂಟರ ಹೊತ್ತಿಗೆ ಕಾಲೇಜು, ಉದ್ಯೋಗ, ಬೇರೆ ಊರು ಎಂದು ಸದಸ್ಯತ್ವ ಸಡಿಲವಾಗುತ್ತದೆ. ಹೇಳದೆ ಕೇಳದೆ ನಿಲ್ಲಿಸಿಬಿಡುವುದು ವಾಡಿಕೆ, ಆದರೆ ಇಲ್ಲಿಯೂ ಕಲಿಯುವುದು ಬಹಳವಿದೆ. ತಾನು ಹೊತ್ತಿದ್ದ ಕೆಲಸವನ್ನು ಮುಂದಿನವರಿಗೆ ವಹಿಸಲು ಕನಿಷ್ಠ ಒಂದೆರಡು ತಿಂಗಳು ಮೊದಲೇ ತಿಳಿಸಲಿ, ಬದಲಿಗೆ ಬರುವ ಕಿರಿಯರನ್ನು ಆ ಅವಧಿಯಲ್ಲಿ ಪಕ್ಕದಲ್ಲಿಟ್ಟುಕೊಂಡು ಕೆಲಸ ತೋರಿಸಲಿ, ಲೆಕ್ಕ, ಬೀಗದ ಕೈ, ಸಂಪರ್ಕಗಳ ಪಟ್ಟಿ, ಬಾಕಿ ಕೆಲಸಗಳನ್ನು ಬರೆದು ಸಹಿ ಪಡೆದು ಒಪ್ಪಿಸಲಿ. ತಾನು ಯಾವ ವರ್ಷ ಯಾವ ಹೊಣೆ ಹೊತ್ತಿದ್ದೆ, ಎಷ್ಟು ಜನರ ತಂಡ ನಡೆಸಿದೆ, ಯಾವ ಕೆಲಸ ಕೈಗೂಡಿತು, ಯಾವುದು ಕೆಟ್ಟಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ಮೇಲ್ವಿಚಾರಕರಿಂದ ದೃಢೀಕರಿಸಿಕೊಂಡರೆ ಮುಂದೆ ಸಂದರ್ಶನಗಳಲ್ಲಿ ಅದು ನೆರವಾಗುತ್ತದೆ. ‘ನಾಯಕತ್ವದ ಗುಣವಿದೆ’ ಎಂದು ಬರೆದುಕೊಳ್ಳುವುದಕ್ಕಿಂತ ‘ಎರಡು ವರ್ಷ ಸಂಘದ ಲೆಕ್ಕ ನೋಡಿಕೊಂಡಿದ್ದೆ’ ಎಂಬ ಸಾಲನ್ನು ಸಂದರ್ಶಕರು ಹೆಚ್ಚು ಗಮನಿಸಿ ಓದುತ್ತಾರೆ. ವಯಸ್ಸು ಮೀರಿದ ಮೇಲೂ ಬರಬೇಕೆನಿಸಿದರೆ ಸದಸ್ಯನಾಗಿ ಬೇಡ, ಸ್ವಯಂಸೇವಕನಾಗಿ ಬರಲಿ, ಮತ್ತು ಉಳಿದ ಹಿರಿಯರಿಗೆ ಅನ್ವಯವಾಗುವ ಸುರಕ್ಷತಾ ನಿಯಮಗಳೆಲ್ಲ ಆ ದಿನದಿಂದ ಅವನಿಗೂ ಅನ್ವಯವಾಗಲಿ.